ಅವ್ವ ಕಂಡ ಕಡಲಾಮೆ

ನಮ್ಮ ಅವ್ವ ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮದುವೆಯಾಗಿ ಕಲಬುರಗಿಗೆ ಬಂದವಳು. ಎಪ್ಪತ್ತೆರಡು ವರ್ಷ ತುಂಬುವವರೆಗೆ ಹೊಳೆಗಿಂತ ದೊಡ್ಡ ನೀರನ್ನು ಆಕೆ ಕಂಡಿರಲಿಲ್ಲ. ಶ್ರೀಲಂಕಾದ ಹಿಕ್ಕಡುವ ಎಂಬ ಊರಿನಲ್ಲಿ ಕಡಲಾಮೆಗಳು ಮೊಣಕಾಲುದ್ದದ ನೀರಿಗೆ, ಜನರ ಕಾಲಬುಡಕ್ಕೇ ಬರುತ್ತವೆ ಎಂದು ನನ್ನ ಮಗಳು ಹೇಳಿದಾಗ, ಅವ್ವ ಮೊದಲು ನಂಬಲಿಲ್ಲ. ನಂತರ ಒಂದೇ ಮಾತಿನಲ್ಲಿ, “ಹಂಗಾದ್ರ ನೋಡಬೇಕು” ಎಂದಳು.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮರುವಾರ ನಾವು ಮೂವರು ಹೊರಟೆವು. ರಾತ್ರಿ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಕೊಲಂಬೊ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅವ್ವನ ಮಡಿಲಿನಿಂದ ಇಳಿಯಲೇ ಇಲ್ಲ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ರೈಲು ಸುಮಾರು ನೂರು ಕಿಲೋಮೀಟರ್ ದೂರ ಕಡಲನ್ನು ಬಲಗಡೆ ಇಟ್ಟುಕೊಂಡೇ ಓಡುತ್ತದೆ. ಹಿಕ್ಕಡುವ ಬರುವ ಸ್ವಲ್ಪ ಮೊದಲು ಪೆರಲಿಯ ಎಂಬ ಊರು ಸಿಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ಇಲ್ಲಿಯೇ ಪ್ರಯಾಣಿಕರು ತುಂಬಿದ್ದ ರೈಲನ್ನು ಹಳಿಯಿಂದ ಎತ್ತಿ ಎಸೆದು, ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಎದುರಿಗೆ ಕುಳಿತಿದ್ದ ಪ್ರಯಾಣಿಕರೊಬ್ಬರು ಇದನ್ನು ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದಾಗ ಅವ್ವ ಕಿಟಕಿಯ ಕಡೆಗೆ ಕೈ ಮುಗಿದಳು. ಆಮೇಲೆ ಊರು ಬರುವವರೆಗೆ ಮಾತನಾಡಲಿಲ್ಲ. ಮೊದಲ ದಿನ ಆಕೆ ನೀರಿಗೆ ಇಳಿಯದೆ ದೂರದ ತೆಂಗಿನ ಮರದ ನೆರಳಿನಲ್ಲಿಯೇ ಕುಳಿತದ್ದಕ್ಕೆ ಆ ಸುದ್ದಿಯೇ ಕಾರಣ.

ಆ ದಿನ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ದಂಡೆಯ ಮುಂದೆ ಹವಳದ ದಿಬ್ಬವೊಂದು ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು ಕೆರೆಯಂತೆ ಶಾಂತವಾಗಿರುತ್ತದೆ. ಬಂಡೆಗಳ ಮೇಲೆ ಪಾಚಿ ಬೆಳೆಯುತ್ತದೆ. ಅದನ್ನು ಮೇಯಲು ಹಸಿರು ಕಡಲಾಮೆಗಳು ಬರುತ್ತವೆ. ಬೆಳೆದ ಹಸಿರು ಕಡಲಾಮೆ ಹೆಚ್ಚಾಗಿ ಸಸ್ಯಾಹಾರಿ. ಹತ್ತು ಗಂಟೆಯ ಹೊತ್ತಿಗೆ ಅಲ್ಲಿ ಜಾತ್ರೆಯಂತೆ ಜನ ಸೇರಿದ್ದರು. ಕಡಲಪಾಚಿಯ ಎಳೆಗಳನ್ನು ಹಿಡಿದು ಕೆಲವರು ಆಮೆಯನ್ನು ಕರೆಯುತ್ತಿದ್ದರು, ಕೆಲವರು ಅದರ ಬೆನ್ನ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಗಳು ನೋಡುತ್ತಿರುವಾಗಲೇ ನಾನೂ ಒಂದು ಆಮೆಯ ಚಿಪ್ಪನ್ನು ಮುಟ್ಟಿದೆ. ಅದು ತಟ್ಟನೆ ಪಕ್ಕಕ್ಕೆ ತಿರುಗಿತು. ಆಗ ಅದರ ಚಿಪ್ಪಿನ ಹಿಂಭಾಗದಲ್ಲಿ ಕೊಡಲಿ ಏಟಿನಂತಹ ಹಳೆಯ ಗಾಯದ ಗೆರೆಯೊಂದು ಕಂಡಿತು. ಪಕ್ಕದಲ್ಲಿದ್ದ ಸ್ಥಳೀಯ ಮೀನುಗಾರರೊಬ್ಬರು ದೂರದ ಬೋಟಿನ ಕಡೆಗೆ ಬೆರಳು ತೋರಿಸಿ, ಕೈಯನ್ನು ಚಕ್ರದಂತೆ ತಿರುಗಿಸಿದರು. ಬೋಟಿನ ಎಂಜಿನ್‌ನ ತಿರುಗುವ ರೆಕ್ಕೆಯ ಏಟು ಎಂದು ಅರ್ಥವಾಯಿತು. ಮನುಷ್ಯರ ಕೈಯಿಂದ ತಿಂದು ಅಭ್ಯಾಸವಾದ ಪ್ರಾಣಿ ಮನುಷ್ಯರ ಭಯವನ್ನು ಬಿಡುತ್ತದೆ, ಭಯ ಬಿಟ್ಟ ಪ್ರಾಣಿ ಬೋಟಿನ ಹತ್ತಿರಕ್ಕೂ ಹೋಗುತ್ತದೆ ಎಂಬುದು ಆ ಗೆರೆಯನ್ನು ನೋಡಿದ ಮೇಲಷ್ಟೇ ನನಗೆ ಹೊಳೆಯಿತು. ಶ್ರೀಲಂಕಾದಲ್ಲಿ ಕಡಲಾಮೆಗಳಿಗೆ ಕಾನೂನಿನ ರಕ್ಷಣೆ ಇದೆ ಎಂದು ಹೊರಡುವ ಮುನ್ನ ಓದಿಯೂ ನನ್ನ ಕೈ ಮುಂದಾಗಿತ್ತು.

ಮರುದಿನ ಜನ ಬರುವ ಮೊದಲು, ಬೆಳಗಿನ ಆರೂವರೆಗೆ, ಅವ್ವನನ್ನು ಕರೆದುಕೊಂಡು ಹೋದೆವು. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಒಂದು ಕೈಯಲ್ಲಿ ನನ್ನ ತೋಳನ್ನೂ ಇನ್ನೊಂದು ಕೈಯಲ್ಲಿ ಮೊಮ್ಮಗಳ ಭುಜವನ್ನೂ ಹಿಡಿದು ಆಕೆ ಮೊದಲ ಬಾರಿಗೆ ಸಮುದ್ರದಲ್ಲಿ ನಿಂತಳು. ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ, ಒಂದು ಮಾರು ದೂರದಲ್ಲಿ, ನಮ್ಮ ಕಡೆ ರೊಟ್ಟಿ ಬಡಿಯುವ ಕೊಣಮಗಿಗಿಂತ ಅಗಲವಾದ ಚಿಪ್ಪೊಂದು ನೀರಿನೊಳಗೆ ಮೆಲ್ಲಗೆ ಸರಿದು ಬಂತು. ತಲೆ ಎತ್ತಿ ಫುಸ್ಸೆಂದು ಉಸಿರು ಬಿಟ್ಟು ಮತ್ತೆ ಮುಳುಗಿತು. ನೀರಿನಲ್ಲೇ ಬದುಕಿದರೂ ಆಮೆ ಉಸಿರಿಗಾಗಿ ಮೇಲೆ ಬರಲೇಬೇಕು. ಆ ಸದ್ದಿಗೆ ಅವ್ವನ ಹಿಡಿತ ಬಿಗಿಯಾಯಿತು, ಆದರೆ ಆಕೆ ಹಿಂದೆ ಸರಿಯಲಿಲ್ಲ.

“ಇದು ತಲಿ ಒಳಗ ಎಳಕೋವಲ್ದಲ್ಲ?” ಎಂದು ಕೇಳಿದಳು. ಭೀಮೆಯ ಆಮೆಯನ್ನು ಬಲ್ಲವಳ ಪ್ರಶ್ನೆ ಅದು. ಹೊಳೆಯ ಆಮೆ ಅಪಾಯ ಕಂಡರೆ ತಲೆಯನ್ನು ಒಳಗೆಳೆದುಕೊಳ್ಳುತ್ತದೆ. ಕಡಲಾಮೆಗೆ ತಲೆಯನ್ನಾಗಲಿ ಈಜುವ ಕಾಲುಗಳನ್ನಾಗಲಿ ಚಿಪ್ಪಿನೊಳಗೆ ಅಡಗಿಸಲು ಬರುವುದಿಲ್ಲ ಎಂದು ವಿವರಿಸಿದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, “ಹಂಗಿದ್ರ ಪಾಪ, ನಾವೇ ಕೈ ಎಳಕೋಬೇಕು” ಎಂದಳು. ಹಿಂದಿನ ದಿನ ನಾನು ಚಿಪ್ಪು ಮುಟ್ಟಿದ್ದು ಆಕೆಗೆ ಗೊತ್ತಿರಲಿಲ್ಲ. ಆ ಮಾತು ನನ್ನನ್ನು ನೇರವಾಗಿ ತಾಗಿತು.

ಅಷ್ಟರಲ್ಲಿ ಒಬ್ಬ ಹುಡುಗ ಪಾಚಿಯ ಕಟ್ಟನ್ನು ಹಿಡಿದು ಬಂದ. ಬಂದವರಿಗೆಲ್ಲ ಉಣಿಸುವುದು ಅವ್ವನ ಸ್ವಭಾವ. ಶರಣಬಸವೇಶ್ವರರ ದಾಸೋಹದ ಊರಿನಲ್ಲಿ ಬಾಳಿದವಳಾದ್ದರಿಂದ ಆಕೆ ಖಂಡಿತ ಕೈ ಚಾಚುತ್ತಾಳೆಂದು ನಾನು ಅಂದುಕೊಂಡಿದ್ದೆ. ಆಕೆ ಬಂಡೆಯ ಮೇಲಿನ ಪಾಚಿಯನ್ನು ಹರಿದು ತಿನ್ನುತ್ತಿದ್ದ ಆಮೆಯನ್ನು ತೋರಿಸಿ, “ಇದರ ಹೊಲ ಇಲ್ಲೇ ಅದ, ಉಣ್ಣಾಕತ್ತದ. ಹಸದವರಿಗೆ ನೀಡಬೇಕು” ಎಂದು ಆ ಹುಡುಗನ ಕೈಗೆ ರೊಟ್ಟಿಯ ಗಂಟಿನಿಂದ ಎರಡು ರೊಟ್ಟಿಯನ್ನು ಕೊಟ್ಟಳು. ಅವನು ನಕ್ಕು ತೆಗೆದುಕೊಂಡ.

ಆಮೆ ಮರಿಗೆ ಹಾಲೂಡುವುದಿಲ್ಲ, ದೂರದಿಂದ ನೋಡಿ ನೋಡಿಯೇ ಮರಿಯನ್ನು ಬೆಳೆಸುತ್ತದೆ ಎಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಅವ್ವ ಅದನ್ನು ಮೊಮ್ಮಗಳಿಗೆ ಹೇಳಿದಳು. ತಾಯಿ ಕಡಲಾಮೆ ಮರಳಿನಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆಯಿಟ್ಟು ಹೋದರೆ ತಿರುಗಿ ಬಂದು ನೋಡುವುದಿಲ್ಲ, ಸುಮಾರು ಎರಡು ತಿಂಗಳು ಮರಳಿನ ಬಿಸಿಯೇ ಮರಿ ಮಾಡುತ್ತದೆ, ಬಿಸಿ ಹೆಚ್ಚಾದರೆ ಹೆಣ್ಣು ಮರಿಗಳೇ ಹೆಚ್ಚು ಎಂದು ಮಗಳು ತಾನು ಓದಿದ್ದನ್ನು ಹೇಳಿದಳು. “ಹಂಗಾದ್ರ ನಮ್ಮ ಕಲಬುರಗಿ ಬಿಸಲಿಗೆ ಬರೇ ಹೆಣ್ಣೇ ಆಗತಾವ” ಎಂದ ಅವ್ವನಿಗೆ ತನ್ನ ಮಾತು ಬಿದ್ದುಹೋಯಿತೆಂಬ ಬೇಸರವೇನೂ ಇರಲಿಲ್ಲ. ಆಮೆ ಇನ್ನೆರಡು ಸಲ ಉಸಿರೆತ್ತಿತು. ನಮ್ಮ ಮೂವರ ಕಾಲುಗಳನ್ನು ಸುತ್ತಿ, ಯಾರನ್ನೂ ಸೋಕದೆ, ಹವಳದ ದಿಬ್ಬದ ಕಡೆಗೆ ಹೋಯಿತು. ಅದು ಹೋದ ಮೇಲೂ ಅವ್ವ ಬಹಳ ಹೊತ್ತು ನೀರಿನಿಂದ ಹೊರಗೆ ಬರಲು ಒಪ್ಪಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಸೋಮವಾರ ಅವ್ವನ ತವರಿಗೆ ಹೋಗಿದ್ದೆವು. ಅಲ್ಲಿಯ ಮಹಾದೇವನ ಗುಡಿಯಲ್ಲಿ ನಂದಿಯ ಮುಂದೆ, ನೆಲದ ಹಾಸುಗಲ್ಲಿನಲ್ಲಿ, ಒಂದು ಆಮೆಯನ್ನು ಕೆತ್ತಿದ್ದಾರೆ. ಒಳಗೆ ಹೋಗುವವರೆಲ್ಲ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದರಿಂದ ಅದರ ಬೆನ್ನು ಸವೆದು ನುಣುಪಾಗಿದೆ. ಬಾಗಿದ ಮಗಳು ಕೈಯನ್ನು ಅರ್ಧಕ್ಕೇ ನಿಲ್ಲಿಸಿ, “ಆಯಿ, ಮುಟ್ಟಲೇನು?” ಎಂದು ಕೇಳಿದಳು.

“ಇದಕ್ಕ ಮುಟ್ಟವ್ವ, ಇದು ಎಲ್ಲೂ ಹೋಗೂದಿಲ್ಲ” ಎಂದಳು ಅವ್ವ.