ಆಪರೇಷನ್‌ನ ಹಿಂದಿನ ರಾತ್ರಿ

ಅಮ್ಮನಿಗೆ ಬೆಳಿಗ್ಗೆ ಬೈಪಾಸ್ ಆಪರೇಷನ್. ನಿದ್ದೆ ಬರದೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಅವಳ ಹಳೆಯ ಸತ್ಯವೇದ, ಅಂದರೆ ಬೈಬಲ್, ತೆರೆದೆ. 56ನೇ ಕೀರ್ತನೆಗೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಳು. ಗತ್ ಊರಲ್ಲಿ ಶತ್ರುಗಳಾದ ಫಿಲಿಷ್ಟಿಯರ ಕೈಗೆ ಸಿಕ್ಕಿದ ದಾವೀದನ ಪ್ರಾರ್ಥನೆ ಅದು. ಗತ್ ಅಂದರೆ ಫಿಲಿಷ್ಟಿಯರ ದೈತ್ಯ ವೀರ ಗೊಲ್ಯಾತನ ಊರು! ಆ ದೈತ್ಯನನ್ನು ಕೊಂದ ದಾವೀದನೇ ಇಲ್ಲಿ ತನಗೆ ಹೆದರಿಕೆ ಆಗಿದೆ ಅಂತ ದೇವರ ಮುಂದೆ ಒಪ್ಪಿಕೊಳ್ಳುತ್ತಾನೆ. ಹೆದರಿಕೊಂಡೇ ನಂಬುತ್ತಾನೆ. ತನ್ನ ಕಣ್ಣೀರನ್ನು ಬುದ್ದಲಿಯಲ್ಲಿ, ಅಂದರೆ ಚರ್ಮದ ಚೀಲದಲ್ಲಿ, ತುಂಬಿಸಿಡು ಅನ್ನುತ್ತಾನೆ. ನಂಬಿಕೆ ಇದ್ದವರು ಹೆದರಬಾರದು ಅಂತ ಇಷ್ಟು ವರ್ಷ ಸುಮ್ನೆ ನಾಚಿಕೊಂಡಿದ್ದೆ. ಅವತ್ತು ಜೋರಾಗಿ ಅತ್ತೆ.

ಬೆಳಿಗ್ಗೆ ಸ್ಟ್ರೆಚರ್ ಬಂತು. "ಹೆದರಿಕೆ ಆಗ್ತಿದೆಯಾ ಮಗಾ?" ಅಂದಳು ಅಮ್ಮ.

"ಹೌದಮ್ಮಾ."

"ನನಗೂ. ಬಾ, ಪ್ರಾರ್ಥನೆ ಮಾಡೋಣ."

'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಶುರು ಮಾಡಿದೆವು. ನನ್ನ ಧ್ವನಿ ನಡುಗುತ್ತಿತ್ತು. ಆಮೆನ್ ತನಕ ಹೇಳಿದೆ.