ಸಕ್ಕರೆ ಗೋದಾಮಿನ ಮುಂದೆ ತಮ್ಮ

ಲಂಡನ್ನಿನಲ್ಲಿರುವ ತಮ್ಮ ನಿನ್ನೆ ವಿಡಿಯೋ ಕರೆ ಮಾಡಿ ಕ್ಯಾನರಿ ವಾರ್ಫ್ ತೋರಿಸಿದ. ಗಾಜಿನ ಗೋಪುರಗಳು, ನಡುವೆ ನಿಂತ ನೀರು, ದಂಡೆಯ ಮೇಲೆ ಕಾಫಿ ಹೀರುವ ಸೂಟುಬೂಟಿನವರು. 1802ರಲ್ಲಿ ತೆರೆದ ಹಡಗುಕಟ್ಟೆಯಂತೆ ಅದು. ವೆಸ್ಟ್ ಇಂಡೀಸಿನ ಸಕ್ಕರೆ, ರಮ್ ಅಲ್ಲಿ ಬಂದಿಳಿಯುತ್ತಿದ್ದವು (ಗುಲಾಮರ ಬೆವರಿನ ಸಕ್ಕರೆ, ಅದನ್ನೂ ಹೇಳಬೇಕು). ಕಂಟೇನರ್ ಹಡಗುಗಳ ಕಾಲ ಬಂತು, 1980ರಲ್ಲಿ ಕಟ್ಟೆ ಬಾಗಿಲು ಹಾಕಿತು. ಈಗ ಬ್ಯಾಂಕುಗಳ ಕಾರುಬಾರು. ಹಳೆಯ ಸಕ್ಕರೆ ಗೋದಾಮೊಂದು ಮ್ಯೂಸಿಯಂ ಆಗಿದೆ.

ಅವ್ವ ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಮೊದಲಿದ್ದ ಹಮಾಲರು ಎಲ್ಲಿಗೆ ಹೋದರೋ ತಮ್ಮಾ?" ಎಂದಳು. ಅವನು ತಡವರಿಸಿದ. ಇಲ್ಲಿ ಬಾಡಿಗೆ ಬಲು ದುಬಾರಿ ಅವ್ವಾ ಎಂದಷ್ಟೇ ಹೇಳಿದ.

ಬಾಗಲಕೋಟೆಯವರ ಬಾಯಿಗೆ ಈ ಪ್ರಶ್ನೆ ತಾನಾಗಿಯೇ ಬರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಓಣಿ ಹೋಯಿತು, ನಾವು ನವನಗರದ ಸೆಕ್ಟರ್ ನಂಬರಾದೆವು. ಹಳೆಯ ಮನೆಯ ತೇಗದ ಬಾಗಿಲನ್ನು ಮಾತ್ರ ಕಿತ್ತು ತಂದಿದ್ದೇವೆ. ಹೊಸ ಚೌಕಟ್ಟಿಗೆ ಅದು ಎರಡು ಬೆರಳು ಗಿಡ್ಡ. ಕೆಳಗಿನ ಸಂದಿಗೆ ಅವ್ವ ಇಂದಿಗೂ ರಾತ್ರಿ ಇಳಕಲ್ ಸೀರೆಯ ಚೂರು ತುರುಕಿ ಮಲಗುತ್ತಾಳೆ.