ವೇಗದ ರೈಲು ಬಂದರೆ ಬೆಳಗಾವಿಗೆ ಲಾಭ ಆಗುವುದು ಯಾವಾಗ?

ಬೆಂಗಳೂರು–ಬೆಳಗಾವಿ ವಂದೇ ಭಾರತ್ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಸುಮಾರು 610 ಕಿ.ಮೀ. ದಾರಿಗೆ ಹತ್ತಿರ ಹತ್ತಿರ ಎಂಟೂವರೆ ತಾಸು. ಗಾಡಿ ಚೆನ್ನಾಗಿದೆ, ಆದರೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಅದೇ ರಾತ್ರಿ ಮನೆ ಸೇರಲು ಆಗದು. ಊರಿನ ವ್ಯಾಪಾರದ ಲೆಕ್ಕ ಬದಲಾಗುವುದು ಆ ಗೆರೆ ದಾಟಿದಾಗಲೇ. 1964ರಲ್ಲಿ ಜಪಾನಿನ ವೇಗದ ರೈಲು ಶಿಂಕಾನ್‌ಸೆನ್ ಬಂದಾಗ ಟೋಕಿಯೊ–ಒಸಾಕಾ ಪ್ರಯಾಣ ಆರೂವರೆ ತಾಸಿನಿಂದ ನಾಲ್ಕಕ್ಕೆ, ಮರುವರ್ಷ ಮೂರು ತಾಸು ಹತ್ತು ನಿಮಿಷಕ್ಕೆ ಇಳಿಯಿತು. ಒಂದೇ ದಿನದಲ್ಲಿ ಹೋಗಿ ಬರುವುದು ಮಾಮೂಲಾಯಿತು.

ಇಂಥ ರೈಲು ಹೊರುವುದು ಜನರನ್ನು, ಸರಕನ್ನಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಯಲ್ಲಿ ಮರಳಿನ ಅಚ್ಚಿಗೆ ಲೋಹ ಹೊಯ್ದು ಮಾಡಿದ ಎರಕ ಮುಂದೆಯೂ ಲಾರಿಯಲ್ಲೇ ಹೋಗುತ್ತದೆ. ಆದರೆ ಒಂದು ಲಾಟಿನಲ್ಲಿ ಗಾಳಿರಂಧ್ರ ಕಂಡರೆ ಗಿರಾಕಿಯ ಎಂಜಿನಿಯರ್ ಬಂದು, ತುಂಡು ಕೊಯ್ದು ನೋಡಿ, ಮರಳಿನ ತೇವ ಹೆಚ್ಚಾಗಿತ್ತೋ, ಅಚ್ಚಿನಿಂದ ಗಾಳಿ ಹೊರಹೋಗಲು ದಾರಿ ಸಾಲಲಿಲ್ಲವೋ ಎಂದು ತೀರ್ಮಾನಿಸಬೇಕು. ಅಲ್ಲಿತನಕ ಮಾಲು ಅಂಗಳದಲ್ಲಿ ಬಿದ್ದಿರುತ್ತದೆ, ಬಿಲ್ಲೂ ನಿಂತಿರುತ್ತದೆ. ಆತ ನಾಡಿದ್ದಿನ ಬದಲು ಇವತ್ತೇ ಬಂದರೆ ಅದೇ ನಿಜವಾದ ಉಳಿತಾಯ. ವಿಜಯಪುರ ಜಿಲ್ಲೆಯ ತಿಕೋಟಾದ ಒಣದ್ರಾಕ್ಷಿ, ಇಂಡಿ ತಾಲ್ಲೂಕಿನ ನಿಂಬೆಗೆ ಸಿಗುವ ಲಾಭ ಬೇರೆ ದಾರಿಯದು: ಪ್ರಯಾಣಿಕರ ಗಾಡಿಗಳು ಹೊಸ ಹಳಿಗೆ ಸರಿದರೆ ಹಳೆಯ ಹಳಿಯಲ್ಲಿ ಗೂಡ್ಸ್‌ಗೆ ಜಾಗ ಬಿಡುವಾಗುತ್ತದೆ. ಶಿಂಕಾನ್‌ಸೆನ್ ಕಟ್ಟಿದ್ದಕ್ಕೂ ಹಳೆಯ ಮಾರ್ಗ ತುಂಬಿ ತುಳುಕುತ್ತಿದ್ದುದೇ ಮುಖ್ಯ ಕಾರಣ.

ನನ್ನ ಮಟ್ಟಿಗೆ ವೇಗಕ್ಕಿಂತ ದೊಡ್ಡ ಪ್ರಶ್ನೆ ನಿಲ್ದಾಣದ್ದು. ಸ್ಪೇನಿನ ಸಿಯುದಾದ್ ರಿಯಾಲ್‌ಗೆ 1992ರಲ್ಲಿ ವೇಗದ ರೈಲು ಬಂತು. ಮ್ಯಾಡ್ರಿಡ್ ಒಂದು ತಾಸಿನೊಳಗೆ ಸಿಕ್ಕಿತು. ನಿಲ್ದಾಣ ಊರಿಗೆ ಅಂಟಿಕೊಂಡಿತ್ತು, ವಿಶ್ವವಿದ್ಯಾಲಯ ಮೊದಲೇ ಇತ್ತು, ದಿನಾ ಓಡಾಡುವವರಿಗೆ ಪಾಸ್ ಕೊಟ್ಟರು; ಊರು ಬೆಳೆಯಿತು. ಫ್ರಾನ್ಸಿನ ಓತ್ ಪಿಕಾರ್ಡಿ ನಿಲ್ದಾಣವನ್ನು ಎರಡು ಊರುಗಳ ನಡುವೆ ಸಕ್ಕರೆ ಬೀಟ್ ಹೊಲದಲ್ಲಿ ಕಟ್ಟಿದರು, ಹಳೆಯ ರೈಲು ಮಾರ್ಗಕ್ಕೆ ಜೋಡಿಸಲಿಲ್ಲ. ಜನ ಅದನ್ನು ಬೀಟ್ ನಿಲ್ದಾಣ ಅಂತಲೇ ಕರೆದರು. ಭೂಮಿ ಅಗ್ಗ ಎಂದು ನಮ್ಮಲ್ಲಿ ಕಬ್ಬಿನ ಗದ್ದೆ ನಡುವೆ ನಿಲ್ದಾಣ ತೋರಿಸಿದರೆ ಒಪ್ಪಲೇಬಾರದು.

ಸದ್ಯಕ್ಕೆ ಕೈಗೆಟುಕುವುದು ಧಾರವಾಡ–ಕಿತ್ತೂರು–ಬೆಳಗಾವಿ ನೇರ ಮಾರ್ಗ. ಲೋಂಡಾ ಸುತ್ತಿ ಹೋಗುವ ಸುಮಾರು 120 ಕಿ.ಮೀ. ಇದರಲ್ಲಿ 73ಕ್ಕೆ ಇಳಿಯುತ್ತದೆ. ಬಾಗಲಕೋಟೆ, ವಿಜಯಪುರದವರಿಗೆ ಇದರ ಫಲ ಸಿಗಬೇಕಾದರೆ ಹುಬ್ಬಳ್ಳಿಯಲ್ಲಿ ಗಾಡಿಗಳ ಹೊತ್ತು ಕೂಡಬೇಕು. ಅಲ್ಲಿ ಎರಡು ತಾಸು ಕಾಯುವಂತಾದರೆ ಉಳಿಸಿದ ಹೊತ್ತೆಲ್ಲ ಅಲ್ಲೇ ಮುಗಿಯಿತು. ವೇಳಾಪಟ್ಟಿ ಬರೆಯುವಾಗಲೇ ಅರ್ಧ ತಾಸಿನೊಳಗಿನ ಜೋಡಣೆ ಕೇಳಿ ಪಡೆಯಬೇಕು.